ಒಂಟಿಕೈ ಮೇಷ್ಟ್ರ ಮುಂಜಾವಿನ ಕೆಲಸ

ಆಸ್ಪತ್ರೆಯ ಹಿಂಬಾಗಿಲು ತೆರೆಯುವ ಹೊತ್ತಿಗೆ ಬೀದಿದೀಪಗಳು ಇನ್ನೂ ಆರಿಲ್ಲ. ಡಯಾಲಿಸಿಸ್ ವಿಭಾಗದ ಮುಂದಿನ ಕಾರಿಡಾರಿನಲ್ಲಿ, ತೂಕದ ಯಂತ್ರದ ಪಕ್ಕದ ಬೆಂಚಿನ ಮೇಲೆ ಒಬ್ಬರು ಆಗಲೇ ಬಂದು ಕೂತಿದ್ದಾರೆ. ತೊಡೆಯ ಮೇಲೆ ಹಳೆಯ ಟವೆಲ್ಲು. ಅದರ ಮೇಲೆ ಎರಡೂ ತುದಿಗೆ ಗುಂಡಿಗಳಿರುವ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. ಅದರ ಬದಿಗೆ ಒಂದು ಪುಟ್ಟ ಪಿನ್ನು ಸಿಕ್ಕಿಸಿ, ಕೆಳಗೆ ತಮ್ಮ ಮೊಬೈಲಿನ ತಂತಿ ಜೋಡಿಸಿ, ಉಸಿರು ಬಿಗಿಹಿಡಿದು ಪರದೆಯನ್ನೇ ನೋಡುತ್ತಾರೆ. ಕಪ್ಪು. ಇನ್ನೂ ಕಪ್ಪು. ಆಮೇಲೆ ಪರದೆ ನೀಲಿಗೆ ತಿರುಗುತ್ತದೆ. "ಎದ್ದ" ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನದನ್ನು ಕೈಗೆತ್ತಿಕೊಳ್ಳುತ್ತಾರೆ.

ಕೊನೆಯದು ಗುಲಾಬಿ ಬಣ್ಣದ್ದು. ಮೂಲೆ ಸವೆದು ಬಿಳಿಯಾಗಿದೆ, ಹಿಂಬದಿಗೆ ಅರ್ಧ ಕಿತ್ತುಹೋದ ಮೊಲದ ಚಿತ್ರ ಅಂಟಿದೆ. ಅದಕ್ಕೆ ಪಿನ್ನು ಸಿಕ್ಕಿಸುವ ಮೊದಲು ಟವೆಲ್ಲಿಗೆ ಬೆರಳು ಒರೆಸಿಕೊಳ್ಳುತ್ತಾರೆ. ಇವತ್ತು ಪರೀಕ್ಷೆಯಿರುವುದು ಇದಕ್ಕೆ. ಇದು ಸೋತರೆ ಉಳಿದವಕ್ಕೂ ಒಳಗೆ ಪ್ರವೇಶವಿಲ್ಲ ಎಂದು ವಾರ್ಡಿನ ದೊಡ್ಡ ಸಿಸ್ಟರ್ ಹೇಳಿಯಾಗಿದೆ.

ಇವರು ಆಸ್ಪತ್ರೆಯ ನೌಕರರಲ್ಲ. ಎರಡು ಬೀದಿ ಆಚೆ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವರು. ವಾರ್ಡಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ 'ಒಂಟಿಕೈ ಮೇಷ್ಟ್ರು'. ಮೊದಲ ಸಲ ಈ ಹೆಸರು ಕೇಳಿದವರು ಅವರ ತೋಳುಗಳನ್ನು ನೋಡುತ್ತಾರೆ. ಎರಡೂ ನೆಟ್ಟಗಿವೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಕೈಕೊಟ್ಟ ಮೂತ್ರಪಿಂಡದ ಕೆಲಸವನ್ನು ಯಂತ್ರ ಮಾಡಬೇಕಾದರೆ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ತೋಳಿಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ಮಲಗಿರಬೇಕು. ಆ ತೋಳು ಅಲುಗುವಂತಿಲ್ಲ. ಉಳಿಯುವುದು ಒಂದು ಕೈ. ಅದರಲ್ಲಿ ಮೊಬೈಲು ನೋಡಬಹುದು, ಮೂಗು ತುರಿಸಿಕೊಳ್ಳಬಹುದು. ಗಡಿಯಾರ ಮಾತ್ರ ಮುಂದೆ ಹೋಗುವುದಿಲ್ಲ.

ಎಂಟು ವರ್ಷದಿಂದ ಹೀಗೆ ಮಲಗುತ್ತಿರುವವರಲ್ಲಿ ಮೇಷ್ಟ್ರ ಅಕ್ಕನೂ ಒಬ್ಬರು. ಬಟ್ಟೆ ಹೊಲಿದು ತಮ್ಮನನ್ನು ಓದಿಸಿದವರು, ಎರಡು ಕೈಗೂ ಒಂದು ಗಳಿಗೆ ಬಿಡುವು ಕೊಟ್ಟು ಗೊತ್ತಿಲ್ಲದವರು. ಮೊದಲ ತಿಂಗಳು ಸುಮ್ಮನೆ ಮಲಗಲಾರದೆ ಅಕ್ಕಪಕ್ಕದವರನ್ನೆಲ್ಲ ಮಾತಾಡಿಸಿ ಸುಸ್ತು ಮಾಡಿದರಂತೆ. ಅಂಗಡಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಗೇಮ್ ಯಂತ್ರವೊಂದನ್ನು ತಮ್ಮ ತಂದುಕೊಟ್ಟರು. ಅಕ್ಕ ಅದನ್ನು ಬಲಗೈಯಲ್ಲಿ ಹಿಡಿದು ನೋಡಿ ವಾಪಸ್ಸು ಎಸೆದರು. "ಬುದ್ಧಿ ಇದೆಯೇನೋ ನಿಂಗೆ? ದಿಕ್ಕು ತಿರುಗಿಸೋ ಗುಂಡಿ ಎಲ್ಲಾ ಎಡಗಡೆ ಇದೆ. ನನ್ನ ಎಡಗೈ ಇವರ ಯಂತ್ರಕ್ಕೆ ಅಡವಿಟ್ಟಿದೀನಿ!"

ಮೇಷ್ಟ್ರ ಕೆಲಸ ಶುರುವಾದದ್ದು ಆ ಬೈಗುಳದಿಂದ. ಯಾವ ಗುಂಡಿ ಏನು ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ಯಂತ್ರದೊಳಗೆ ಕಂಪನಿ ಬರೆದಿಟ್ಟಿರುವ ಮೂಲ ತಂತ್ರಾಂಶ. ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಅದರ ಬದಲಿಗೆ ಹವ್ಯಾಸಿಗಳು ಬರೆದ ಕಸ್ಟಮ್ ಫರ್ಮ್‌ವೇರ್ ಕೂರಿಸಿದರೆ ಕಂಪನಿ ಬಿಡದ ಕೆಲಸಗಳನ್ನೂ ಯಂತ್ರದಿಂದ ಮಾಡಿಸಬಹುದು. ಹೆಚ್ಚಿನವರು ಅದನ್ನು ಹಾಕಿಸಿಕೊಳ್ಳುವುದು ಪುಕ್ಕಟೆ ಆಟ ತುಂಬಿಸಿಕೊಳ್ಳಲು. ಅಂಥವರು ಬಂದರೆ, "ಅದಕ್ಕೆ ಬೇರೆ ಅಂಗಡಿಗಳಿವೆ. ನನ್ನ ಹತ್ರ ಕೈ ಬದಲಾಯಿಸೋದು ಮಾತ್ರ" ಎನ್ನುತ್ತಾರೆ ಮೇಷ್ಟ್ರು. ಅವರು ಕೂರಿಸುವ ವ್ಯವಸ್ಥೆಯಲ್ಲಿ ಯಂತ್ರದ ಬೆನ್ನಿನ ಗುಂಡಿಯೊಂದನ್ನು ಒತ್ತಿಹಿಡಿದರೆ ಬಲಗಡೆಯ ಗುಂಡಿಗಳೇ ದಿಕ್ಕಿನ ಗುಂಡಿಗಳಾಗುತ್ತವೆ. ಆಟದ ವೇಗವೂ ತುಸು ಇಳಿಯುತ್ತದೆ. ಹೀಗೆ ಒಂಟಿಕೈಯಲ್ಲಿ ಆಡುವುದನ್ನು ವಾರ್ಡಿನವರಿಗೆ ಕಲಿಸಿಕೊಟ್ಟೇ ಅವರು ಮೇಷ್ಟ್ರಾದದ್ದು. ಯಂತ್ರ ಜಾರದಂತೆ ತೊಡೆಯ ಮೇಲಿಡಲು ಮರಳು ತುಂಬಿದ ಪುಟ್ಟ ದಿಂಬು ಬೇಕು. ಅದನ್ನು ಹೊಲಿದುಕೊಡುವವರು ಅಕ್ಕನೇ. ಯಾವ ಯಂತ್ರ ತಯಾರಾದರೂ ಮೊದಲು ಆಡಿ ನೋಡುವವರೂ ಅವರೇ.

"ಇವನು ನಂಗೆ ಆಟ ಆಡ್ಲಿ ಅಂತ ಇದನ್ನ ಮಾಡ್ಕೊಟ್ಟಿದ್ದಲ್ಲ" ಎಂದು ಅಕ್ಕ, ಇವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನ ಕಡೆ ತಿರುಗಿ ಹೇಳುತ್ತಾರೆ. "ನನ್ನ ಬಾಯಿ ಮುಚ್ಚಿಸೋಕೆ."

"ಮುಚ್ಚಿತಾ?" ಎನ್ನುತ್ತಾರೆ ಮೇಷ್ಟ್ರು, ತಲೆ ಎತ್ತದೆ.

ಈ ಕೆಲಸದಲ್ಲಿ ಒಂದು ಕಡೆ ಎಡವಿದರೆ ಯಂತ್ರ ಇಟ್ಟಿಗೆಯಾಗುತ್ತದೆ. ಮತ್ತೆ ಏಳುವುದಿಲ್ಲ. ಕಂಪನಿಯವರು ಅದನ್ನು ಮುಟ್ಟುವುದೂ ಇಲ್ಲ. ಹೊರಗಿನ ಡಬ್ಬಿ ಒಂದೇ ಥರ ಇದ್ದರೂ ಒಳಗಿನ ಬೋರ್ಡನ್ನು ಸದ್ದಿಲ್ಲದೆ ಬದಲಾಯಿಸುವ ಚಾಳಿ ತಯಾರಕರಿಗಿದೆ. ನಿವೃತ್ತ ಲಾರಿ ಚಾಲಕರೊಬ್ಬರ ಯಂತ್ರವನ್ನು ಮೇಷ್ಟ್ರು ಬಿಚ್ಚಿ ನೋಡದೆಯೇ, ಅಕ್ಕನದರ ಹಾಗೇ ಇದೆಯೆಂದು ನಂಬಿ ಹೊಸ ಫರ್ಮ್‌ವೇರ್ ಬರೆದುಬಿಟ್ಟರು. ಅದು ಅಲ್ಲೇ ಕಣ್ಣುಮುಚ್ಚಿತು. ಬದಲಿಗೆ ಬೇರೊಂದನ್ನು ಹುಡುಕಿ ತಂದುಕೊಟ್ಟರೂ ಆ ಅಜ್ಜ ಇವತ್ತಿಗೂ ಮೇಷ್ಟ್ರನ್ನು ಎದುರುಗೊಳ್ಳುವುದು "ಬಂದ್ರಪ್ಪಾ, ನನ್ನ ಗಾಡಿ ಕೊಂದ ಮಹಾಶಯರು" ಎಂದೇ. ಅಂದಿನಿಂದ ಮೇಷ್ಟ್ರು ಒಂದು ನೇಮ ಹಿಡಿದಿದ್ದಾರೆ. ಬಿಚ್ಚಿ ನೋಡದೆ ಬರೆಯುವುದಿಲ್ಲ. ಒಳಗಿರುವುದನ್ನೆಲ್ಲ ಎರಡು ಸಲ ನಕಲು ತೆಗೆದು, ಎರಡೂ ತದ್ರೂಪಾಗಿವೆ ಎಂದು ತಾಳೆ ನೋಡದೆ ಮೂಲವನ್ನು ಮುಟ್ಟುವುದಿಲ್ಲ.

ಗುಲಾಬಿ ಯಂತ್ರ ಹನ್ನೆರಡು ವರ್ಷದ ಹುಡುಗಿಯೊಬ್ಬಳದು. ಈ ವಾರ್ಡಿಗೆ ಹೊಸಬಳು. ತಾಯಿ ಅವಳನ್ನು ಚಿನ್ನಿ ಎಂದು ಕರೆಯುತ್ತಾರೆ, ಈಗ ಇಡೀ ವಾರ್ಡೇ ಹಾಗೆ ಕರೆಯುತ್ತದೆ. ಮಕ್ಕಳನ್ನು ಸಾಕಿದವರಿಗೆ ಗೊತ್ತು, ಊಟದ ತಟ್ಟೆಯ ಮುಂದೆ ಅವರನ್ನು ನಾಲ್ಕು ನಿಮಿಷ ಅಲುಗದಂತೆ ಕೂರಿಸುವುದೇ ಸಾಹಸ. ಚಿನ್ನಿಗೆ ನಾಲ್ಕು ಗಂಟೆ. ಕಳೆದ ತಿಂಗಳು ಅವಳು ಹೊದಿಕೆಯೊಳಗೆ ಎರಡೂ ಕೈಯಲ್ಲಿ ಕದ್ದು ಆಡುತ್ತಿದ್ದಾಗ ಸೂಜಿ ಜರುಗಿತು. ತೋಳು ಊದಿಕೊಂಡು ಮೊಣಕೈವರೆಗೆ ನೀಲಿಗಟ್ಟಿತು. "ಸೂಜಿ ಹಾಕೋಕೆ ಅಂತ ಆಪರೇಷನ್ ಮಾಡಿ ತಯಾರು ಮಾಡಿರೋ ರಕ್ತನಾಳ ಅದು. ಇನ್ನೊಂದು ಸಲ ಹೀಗಾದ್ರೆ ಆ ತೋಳು ನಮ್ಮ ಕೆಲಸಕ್ಕೆ ಬರಲ್ಲ. ಈ ವಯಸ್ಸಿಗೇ ಒಂದು ತೋಳು ಕಳ್ಕೊಂಡ್ರೆ ಮುಂದೆ ಎಲ್ಲಿ ಚುಚ್ಚಲಿ?" ಎನ್ನುತ್ತಾರೆ ದೊಡ್ಡ ಸಿಸ್ಟರ್. ಅವರ ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚು. ಅವತ್ತೇ ಅವರು ವಾರ್ಡಿನ ಎಲ್ಲ ಗೇಮ್ ಯಂತ್ರಗಳನ್ನೂ ಹೊರಗೆ ಹಾಕಿದರು. ಮೇಷ್ಟ್ರು ಬೇಡಿಕೊಂಡ ಮೇಲೆ ಒಂದು ಅವಕಾಶ ಕೊಟ್ಟರು. ಹುಡುಗಿಯ ಯಂತ್ರವನ್ನೂ ಒಂಟಿಕೈಯದಾಗಿ ಮಾಡಿ, ತಮ್ಮ ಕಣ್ಣೆದುರಿಗೇ ಆಡಿಸಿ ತೋರಿಸಬೇಕು.

ಚಿನ್ನಿ ಯಂತ್ರ ಕೊಡಲು ಒಪ್ಪಲಿಲ್ಲ. ಅದರಲ್ಲಿ ಅವಳದೊಂದು ಹಣ್ಣಿನ ತೋಟವಿದೆ. ಬೀಜ ಹಾಕಿ, ನೀರು ಬಿಟ್ಟು, ಕಾಗೆ ಓಡಿಸಿ ಬೆಳೆಸಿದ್ದು. "ಹೊಸ ತೋಟ ಮಾಡಿದ್ರಾಯ್ತು ಪುಟ್ಟಾ" ಎಂದ ಮೇಷ್ಟ್ರಿಗೆ ಅವಳು ಕೊಟ್ಟ ಉತ್ತರವನ್ನು ಅವರು ನನಗೆ ಎರಡು ಸಲ ಹೇಳಿದರು: "ಇದು ನಾನು ಹುಷಾರಿದ್ದಾಗ ಶುರು ಮಾಡಿದ್ದು ಮಾಮ. ಹೊಸದು ಹಾಗಿರಲ್ಲ."

ತೋಟಕ್ಕೆ ಏನೂ ಆಗದಂತೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟು ಅವರು ಯಂತ್ರವನ್ನು ಅಂಗಡಿಗೆ ತಂದರು. ಬಿಚ್ಚಿದರು, ನಕಲು ತೆಗೆದರು, ಮತ್ತೊಂದು ತೆಗೆದರು. ಎರಡೂ ತಾಳೆಯಾಗಲಿಲ್ಲ. ಮೂರನೆಯದು ಅವೆರಡಕ್ಕೂ ಬೇರೆ. ಒಳಗಿನ ಮೆಮೊರಿಯೇ ಸಾಯುತ್ತಿತ್ತು. ಅದರ ಮೇಲೆ ಹೊಸದೇನನ್ನಾದರೂ ಬರೆದರೆ ಮತ್ತೆ ಏಳುತ್ತದೆಂಬ ಭರವಸೆಯಿಲ್ಲ. ಬರೆಯದೆ ಬಿಟ್ಟರೆ ಎಲ್ಲರ ಯಂತ್ರಗಳಿಗೂ ವಾರ್ಡಿನ ಬಾಗಿಲು ಮುಚ್ಚುತ್ತದೆ, ತೋಟ ಹೇಗೂ ಇನ್ನೊಂದು ದಿನ ಹೋಗುತ್ತದೆ. ಅವರು ಯಂತ್ರವನ್ನು ಹಾಗೇ ಇಟ್ಟು ಚಿನ್ನಿಯ ಮನೆಗೆ ಹೋದರು. ಅಮ್ಮನಿಗೆ ಹೇಳುವ ಮೊದಲು ಮಗಳಿಗೇ ಹೇಳಿದರು. "ತೋಟ ಅವಳದು. ಅವಳನ್ನ ಕೇಳ್ದೆ ಹೇಗೆ?" ಎನ್ನುತ್ತಾರೆ ಮೇಷ್ಟ್ರು.

ಇಬ್ಬರೂ ಕೂತು ಮಾತಾಡಿ ಕಂಡುಕೊಂಡ ದಾರಿ ಇದು. ಯಂತ್ರದೊಳಗೆ ಒಂದಕ್ಷರವನ್ನೂ ಬರೆಯುವುದಿಲ್ಲ. ತೋಟವನ್ನಷ್ಟೇ ಹೊರತೆಗೆದು ಒಂದು ಮೆಮೊರಿ ಕಾರ್ಡಿಗೆ ಹಾಕಿ, ಹೊಸ ಫರ್ಮ್‌ವೇರನ್ನೂ ಆ ಕಾರ್ಡಿನಿಂದಲೇ ಓಡಿಸುವುದು. ಪುಣ್ಯಕ್ಕೆ ತೋಟವಿದ್ದ ಭಾಗ ಮೂರು ನಕಲಿನಲ್ಲೂ ಒಂದೇ ಥರ ಬಂದಿತ್ತು. ತೊಡಕು ಒಂದೇ. ಕಾರ್ಡಿನಿಂದ ಓಡುವ ಯಂತ್ರ ಒಮ್ಮೆ ಆರಿಹೋದರೆ ಎಲ್ಲ ಮರೆಯುತ್ತದೆ. ಪಿನ್ನು, ತಂತಿ ಜೋಡಿಸಿ ಹೊಸದಾಗಿ ಎಬ್ಬಿಸಬೇಕು. ಹಳೆಯ ಯಂತ್ರಗಳಲ್ಲಿ ಇಂಥವು ಇನ್ನೂ ಕೆಲವಿವೆ. ಮೇಷ್ಟ್ರು ಬೆಳಕು ಹರಿಯುವ ಮುಂಚೆ ಇಲ್ಲಿ ಬಂದು ಕೂರುವುದು ಇದಕ್ಕಾಗಿಯೇ.

ಗುಲಾಬಿ ಪರದೆ ನೀಲಿಯಾಗಿದೆ. ಒಳಗೆ ಯಂತ್ರಗಳ ಸಣ್ಣ ಗುಂಯ್‌ಗುಡುವಿಕೆ. ಚಿನ್ನಿಯ ಎಡತೋಳಿಗೆ ಸೂಜಿ ಹಾಕಿಯಾಗಿದೆ, ತೊಡೆಯ ಮೇಲೆ ಅಕ್ಕ ಹೊಲಿದ ದಿಂಬಿದೆ. ದೊಡ್ಡ ಸಿಸ್ಟರ್ ಕೈಕಟ್ಟಿ ಹಾಸಿಗೆಯ ಕಾಲ್ಬದಿಯಲ್ಲಿ ನಿಂತಿದ್ದಾರೆ. ಆಟ ತೆರೆಯುತ್ತದೆ, ತೋಟ ಇದೆ. ಹುಡುಗಿ ಬಲಗೈಯಲ್ಲಿ ತಡವರಿಸುತ್ತಾ ಒಂದು ಸಾಲಿಗೆ ನೀರು ಬಿಡುತ್ತಾಳೆ. ಅಷ್ಟರಲ್ಲಿ ಕಾಗೆಗಳು ಬರುತ್ತವೆ. ಅವಳ ತುಟಿ ಬಿಗಿಯುತ್ತದೆ. ಹಾಸಿಗೆಯ ಮೇಲಿದ್ದ ಎಡಗೈಯ ಹೆಬ್ಬೆರಳು ಹಳೆಯ ಅಭ್ಯಾಸಕ್ಕೆ ಒಮ್ಮೆ ಮಿಸುಕುತ್ತದೆ. ಸಿಸ್ಟರ್ ಒಂದು ಹೆಜ್ಜೆ ಮುಂದಿಡುತ್ತಾರೆ.

"ಬೆನ್ನಿನ ಗುಂಡಿ ಚಿನ್ನಿ" ಎಂದು ಅಕ್ಕ ಪಕ್ಕದ ಹಾಸಿಗೆಯಿಂದ ಮೆಲ್ಲಗೆ ಹೇಳುತ್ತಾರೆ. "ಅದನ್ನ ಹಿಡ್ಕೊಂಡೇ ಇರು. ಎಡಗೈ ನಿದ್ದೆ ಮಾಡ್ತಿದೆ ಅಂದ್ಕೋ, ಎಬ್ಬಿಸ್ಬೇಡ."

ಹೆಬ್ಬೆರಳು ಸುಮ್ಮನಾಗುತ್ತದೆ. ಕಾಗೆಗಳು ಹಾರಿಹೋಗುತ್ತವೆ. ಎದುರು ಹಾಸಿಗೆಯ ಲಾರಿ ಅಜ್ಜ ಕೂಗುತ್ತಾರೆ, "ಏನಮ್ಮಾ ಸಾಹುಕಾರ್ತಿ, ನಮಗೂ ಒಂದು ಹಣ್ಣು ಕೊಡ್ಬಾರ್ದಾ?"

"ನೀವು ಹಣ್ಣು ತಿನ್ನಂಗಿಲ್ಲ ತಾತ. ಪೊಟ್ಯಾಸಿಯಂ ಏರುತ್ತೆ" ಎನ್ನುತ್ತಾಳೆ ಚಿನ್ನಿ, ಪರದೆಯಿಂದ ಕಣ್ಣು ಕೀಳದೆ. ಪಥ್ಯದ ಊಟ ಉಂಡು ಬೇಸತ್ತ ವಾರ್ಡು ಅಷ್ಟೂ ನಗುತ್ತದೆ. ದೊಡ್ಡ ಸಿಸ್ಟರ್ ನಗುವುದಿಲ್ಲ. ತೋಳಿನ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಹೂಂ. ಹೀಗೇ ಇರ್ಬೇಕು" ಎಂದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಕಾರಿಡಾರಿನ ಬೆಂಚಿನ ಮೇಲೆ ಕಾದಿದ್ದ ಉಳಿದ ಯಂತ್ರಗಳು ಒಂದೊಂದಾಗಿ ಒಳಗೆ ಬರುತ್ತವೆ.

ಮಾಡಿದ್ದನ್ನು ಅಳಿಸಿ ಯಂತ್ರವನ್ನು ಮೊದಲಿನಂತೆ ಮಾಡಿಕೊಡುವುದೂ ಮೇಷ್ಟ್ರ ಕೆಲಸವೇ. ಅದಕ್ಕೇ ಮೂಲದ ನಕಲುಗಳನ್ನು ಜೋಪಾನ ಮಾಡಿರುತ್ತಾರೆ. ಹಾಗೆ ವಾಪಸ್ಸು ತರುವವರು ಎರಡು ಬಗೆ. ಮೂತ್ರಪಿಂಡ ಕಸಿಯಾಗಿ ಎರಡೂ ಕೈ ಬಿಡುಗಡೆಯಾದವರು, ಇಲ್ಲವೇ ತೀರಿಹೋದವರ ಮನೆಯವರು. ನೆಲಮಾಳಿಗೆಯ ಅಂಗಡಿಯಲ್ಲಿ ಕೂತವರಿಗೆ ಮೆಟ್ಟಿಲಿಳಿದು ಬರುವವರ ಕಾಲು ಮೊದಲು ಕಾಣುತ್ತದೆ, ಆಮೇಲೆ ಕೈ, ಕೊನೆಗೆ ಮುಖ. "ಕೈಯಲ್ಲಿ ನಾನು ಮಾಡಿದ ಯಂತ್ರ ಕಂಡ್ರೆ ಎದೆ ಹೊಡ್ಕೊಳ್ಳುತ್ತೆ. ಮುಖ ಕಾಣೋವರ್ಗೂ ಯಾರ ಕೈ ಅಂತ ಗೊತ್ತಾಗಲ್ವಲ್ಲ" ಎನ್ನುತ್ತಾರೆ. ತೀರಿಹೋದವರ ಕಡೆಯವರೇ ಹೆಚ್ಚು ಬಂದಿದ್ದಾರೆ ಎಂಬುದನ್ನು ಅವರು ಹೇಳಲಿಲ್ಲ. ಅಕ್ಕ ಹೇಳಿದರು.

ಹೊರಡುವ ಮೊದಲು ಮೇಷ್ಟ್ರು ದಿಂಬು ಸರಿಪಡಿಸಲು ಬಾಗಿದಾಗ ಚಿನ್ನಿ ಕೇಳುತ್ತಾಳೆ, "ಮಾಮ, ನಂಗೆ ಕಿಡ್ನಿ ಸಿಕ್ಕಿದ್ಮೇಲೆ ಇದನ್ನ ಮತ್ತೆ ಎರಡು ಕೈದು ಮಾಡ್ಕೊಡ್ತೀರಾ?"

"ಮಾಡ್ಕೊಡ್ತೀನಿ."

"ಅಮ್ಮನ ಕೈಲಿ ಕಳಿಸ್ಲಾ?"

"ಬೇಡ" ಎನ್ನುತ್ತಾರೆ ಮೇಷ್ಟ್ರು, ಸ್ವಲ್ಪ ಗಟ್ಟಿಯಾಗಿಯೇ. ಆಮೇಲೆ ದನಿ ತಗ್ಗಿಸುತ್ತಾರೆ. "ನೀನೇ ತಗೊಂಡು ಬಾ ಪುಟ್ಟಾ. ಎರಡೂ ಕೈಲಿ ಹಿಡ್ಕೊಂಡು, ಮೆಟ್ಟಿಲಿಳಿದು, ನೀನೇ ಬಾ."