ಜಗುಲಿಯ ಮೇಲಿನ ಐದು ಗೆರೆ

ಉದಕಮಂಡಲದ ಚರ್ಚಿನಲ್ಲಿ ವಾದ್ಯ ನುಡಿಸುವ ಜ್ಞಾನಮುತ್ತು ಮೇಷ್ಟ್ರು ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದ ದಿನವೇ, ನಾನು ಆಗಷ್ಟೇ ಸಾರಿಸಿದ್ದ ಜಗುಲಿಯ ಮೇಲೆ ಇದ್ದಿಲಿನಿಂದ ಐದು ಗೆರೆ ಎಳೆದರು. ಹಾಡಿನ ಪುಸ್ತಕದಲ್ಲಿ ಸ್ವರ ಬರೆಯುವುದು ಇಂಥ ಐದು ಗೆರೆಗಳ ಮೇಲಂತೆ, ಆ ಗೆರೆಗಳ ಮೊದಲಿಗೆ ಒಂದು ಗುರುತು ಇರುತ್ತದಂತೆ, ಅದು ಕೂತ ಗೆರೆಯಿಂದಲೇ ಸ್ವರ ಎಣಿಸಬೇಕಂತೆ. ಹೊಸ ಪುಸ್ತಕದಲ್ಲಿ ಅದು ಒಂದೇ ಗೆರೆಯ ಮೇಲೆ ತೆಪ್ಪಗಿರುತ್ತದೆ. ಪಾದ್ರಿಗಳಿಗೆ ಇಷ್ಟವಾದ ಹಳೆಯ ಪುಸ್ತಕಗಳಲ್ಲಿ ಹಾಡಿಗೊಂದು ಗೆರೆಯ ಮೇಲೆ ಕೂರುತ್ತದೆ. “ಬಾಡಿಗೆಯವನ ಹಾಗೆ ಮನೆ ಬದಲಿಸುತ್ತೆ ಅಮ್ಮಾ,” ಎಂದು ರೇಗುವರು. “ನೀವೂ ಬದಲಿಸಿ ಮೇಷ್ಟ್ರೇ, ನನ್ನ ಜಗುಲಿ ಉಳಿಯಲಿ,” ಎನ್ನುವೆ. ನಾನು ಸಾರಿಸುವುದು, ಅವರು ಗೀಚುವುದು. ಗೆರೆಗಳ ಮೇಲೆ ನನ್ನ ಹುರಳಿಕಾಳನ್ನೇ ಸ್ವರವೆಂದು ಜೋಡಿಸಿ ಹಾಡುವುದು, ಕೋಳಿ ಬಂದು ಸ್ವರ ತಿಂದರೆ ನನ್ನನ್ನು ಬೈಯುವುದು. ಒಂದು ಬೆಳಿಗ್ಗೆ ಸೆಗಣಿ ಹಿಡಿದು ಬಂದವಳು ಬಗ್ಗಿ ನೋಡಿದೆ. ದಾರದಂತಿದ್ದ ಗೆರೆಗಳು ಹಗ್ಗದಷ್ಟು ದಪ್ಪವಾಗಿದ್ದವು. ಹುರಳಿ ಹೋಗಿ ಅವರೆಕಾಳು ಬಂದಿತ್ತು. ಆ ಸಂಜೆ ಅವರು ಹಳೆಯ ಪುಸ್ತಕವೊಂದನ್ನು ತಂದು ನನ್ನ ಮುಂದೆ ಬಿಡಿಸಿ ಕೇಳಿದರು: “ನಾಳೆ ಪಾದ್ರಿಗಳು ಇದನ್ನ ನನ್ನ ಕೈಲಿ ನುಡಿಸಿ ನೋಡ್ತಾರೆ, ತಪ್ಪಿದರೆ ಬೇರೆಯವರನ್ನ ಇಡ್ತಾರೆ. ಸ್ವರ ಹೇಗೋ ಕಾಣುತ್ತೆ, ಗುರುತು ಕಾಣಲ್ಲ. ಯಾವ ಗೆರೆ ಮೇಲೆ ಕೂತಿದೆ, ನನ್ನ ಬೆರಳು ಹಿಡಿದು ಇಡ್ತೀರಾ ಅಮ್ಮಾ?”