ಮುಟ್ಟಬಾರದೆಂದ ಮಲ್ಲಿಗೆ

ನಮ್ಮ ಅತ್ತೆಗೆ ಸಿಟ್ಟು ಬಂದರೆ ಕೂಗುವುದಿಲ್ಲ, ದನಿ ಇಳಿಸುತ್ತಾರೆ. ಆ ಬೆಳಿಗ್ಗೆ ಎಷ್ಟು ಇಳಿಸಿದ್ದರೆಂದರೆ, ಚಹಾ ಕುದಿಯುವ ಸದ್ದಿಗೆ ಅರ್ಧ ಮಾತು ಕೇಳಿಸಲಿಲ್ಲ. ನಾನು ಗ್ಯಾಸ್ ಆರಿಸಿದೆ.

"ಇನ್ನ ಮ್ಯಾಲ ಆ ಮಲ್ಲಿಗಿ ಗಿಡಕ್ಕ ನೀ ಕೈ ಹಚ್ಚಬ್ಯಾಡ. ನಾ ನೋಡ್ಕೋತೀನಿ."

"ಯಾಕ್ರಿ ಅತ್ತಿ?"

"ಹೊರಗಾದಾಗೂ ಮುಟ್ಟತಿ. ಹೂವಿನ ಗಿಡ ಅದು, ತಡಕೊಳ್ಳಂಗಿಲ್ಲ. ಎಲಿ ಹ್ಯಾಂಗಾಗ್ಯಾವ ನೋಡು."

ಹೊರಗಾಗುವುದೆಂದರೆ ತಿಂಗಳ ಮುಟ್ಟು. ಎಲೆಗಳು ಹಳದಿಯಾಗಿದ್ದು ನಿಜ. ನರಗಳಷ್ಟೇ ಹಸಿರು, ಉಳಿದದ್ದೆಲ್ಲ ತೊಳೆದು ತೊಳೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ. ಚಳಿ ಇಳಿಯುವ ಮೊದಲೇ ಶುರುವಾದದ್ದು, ತುದಿಯ ಚಿಗುರಿಗೂ ಏರಿತ್ತು. ಆದರೆ ಅದಕ್ಕೆ ಕಾರಣ ನನ್ನ ಕೈ ಎಂದರೆ ಹೇಗೆ ಸಹಿಸಲಿ? ನಾನು ಬಸವಕಲ್ಯಾಣದವಳು. ಸೂತಕವಿಲ್ಲವೆಂದು ಸಾರಿದ ಶರಣರ ಊರಿನಲ್ಲಿ ಹುಟ್ಟಿ ಬೆಳೆದವಳು. ಅತ್ತೆಯ ಕೊರಳಲ್ಲೂ ಲಿಂಗವಿದೆ, ನನ್ನ ಕೊರಳಲ್ಲೂ ಇದೆ. ಲಿಂಗ ಕಟ್ಟಿಕೊಂಡ ಮೈಗೆ ಮೈಲಿಗೆ ಎಲ್ಲಿಂದ ಬಂತು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡು ಚಹಾ ಸೋಸಿದೆ.

ಆ ಗಿಡ ನನ್ನ ತವರಿನದು. ಕೋಟೆಗೆ ಹತ್ತಿರದ ಓಣಿಯಲ್ಲಿ ನಮ್ಮ ಮನೆಯ ಅಂಗಳದಲ್ಲಿ ಅವ್ವ ಬೆಳೆಸಿದ ಮಲ್ಲಿಗೆ ಪೊದೆಯಿತ್ತು. ಅಣ್ಣ ಮನೆ ಕೆಡವಿ ಹೊಸದು ಕಟ್ಟಲು ನಿಂತಾಗ ಅಂಗಳದ ತುಂಬ ಸಿಮೆಂಟು ಬಿತ್ತು, ಪೊದೆ ಬುಡಸಮೇತ ಹೋಯಿತು. ಅದಕ್ಕೂ ಮೊದಲು ಅವ್ವ ಒಂದು ಕೊಂಬೆಯನ್ನು ಮಣ್ಣಿಗೆ ಬಾಗಿಸಿ ಬೇರು ಬಿಡಿಸಿ ನನಗೆ ಕೊಟ್ಟಿದ್ದಳು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿಗೆ ತಂದು, ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಕುಂಡದಲ್ಲಿ ನೆಟ್ಟಿದ್ದೆ.

"ಮನಿ ಮುಗೀಲಿ. ಮಳಿ ಹಿಡದ ಮ್ಯಾಲ ಬಂದು ಒಂದು ಕಡ್ಡಿ ಒಯ್ತೀನಿ, ಮಾಳಗಿ ಮ್ಯಾಲ ಹಚ್ಚತೀನಿ" ಎಂದು ಅವ್ವ ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದಳು. "ಗಿಡ ಹ್ಯಾಂಗದ?" ಎಂದು ಕೇಳುತ್ತಿದ್ದಳು. "ಚೊಲೋ ಅದವ್ವಾ" ಎನ್ನುತ್ತಿದ್ದೆ. ಈ ಕುಂಡದ್ದು ಒಣಗಿದರೆ ಆ ಮಲ್ಲಿಗೆಯ ಸಂತಾನವೇ ಮುಗಿಯಿತು. ಅದನ್ನು ಉಳಿಸಬೇಕಾದ ನಾನು ಮುಟ್ಟುವ ಹಾಗಿರಲಿಲ್ಲ.

ಅತ್ತೆಯೂ ಆ ಗಿಡದ ವೈರಿಯಲ್ಲ. ದಿನವೂ ಸ್ನಾನ ಮಾಡಿ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕುಳಿತರೆ ಅವರಿಗೆ ಅದರದೇ ಹೂವು ಬೇಕು. ಬಜಾರದ ಹೂವು ಎಷ್ಟು ಜನ ಮುಟ್ಟಿದ್ದೋ ಎನ್ನುತ್ತಾರೆ. ನಮ್ಮವರು ಅಂಗಡಿಗೆ ಹೊರಟವರು ಇಬ್ಬರ ಮುಖ ನೋಡಿ, "ಒಂದು ಗಿಡಕ್ಕ ಯಾಕ ಇಷ್ಟು ಹೈರಾಣ ಆಗ್ತೀರಿ? ಮಾಣಿಕನಗರದ ನರ್ಸರಿಯಾಗ ಹೊಸಾದು ತಂದ್ರಾಯ್ತು" ಅಂದರು. ಅತ್ತೆ, ನಾನು ಒಂದೇ ಸಲ ತಿರುಗಿ ನೋಡಿದೆವು. ಅವರು ಚಪ್ಪಲಿ ಮೆಟ್ಟಿ ಇಳಿದುಹೋದರು. ಆ ದಿನ ನಾವಿಬ್ಬರೂ ಒಪ್ಪಿದ್ದು ಅದೊಂದನ್ನೇ.

ನಾನು ಬಾಗಿಲಲ್ಲಿ ನಿಂತು ನೋಡುವವಳಾದೆ. ಅತ್ತೆ ನೀರು ಹಾಕುತ್ತಿದ್ದರು, ಸಗಣಿ ಗೊಬ್ಬರ ತಂದು ಹಾಕಿದರು, ಬಿಸಿಲಿಗೆ ಹಳೆಯ ಸೀರೆ ಕಟ್ಟಿದರು. ನನ್ನ ಕೈ ಸೋಕದೆ ಒಂದು ತಿಂಗಳಾದರೂ ಹಳದಿ ಇಳಿಯಲಿಲ್ಲ. ಎಲೆಗಳ ಅಂಚು ಕಂದಾಗಿ ಉದುರತೊಡಗಿದವು. ಈಗೇನಂತೀರಿ ಎಂದು ಕೇಳುವ ಆಸೆಯಾಗುತ್ತಿತ್ತು. ಮರುಗಳಿಗೆ ಗಿಡದ ಕಡೆ ನೋಡುತ್ತಿದ್ದೆ. ಗೆದ್ದು ಏನು ಮಾಡಲಿ, ಗಿಡವೇ ಹೋದರೆ?

ಒಂದು ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ಬಟ್ಟಲು ಹಿಡಿದು ಮಹಡಿಗೆ ಬಂದರು. ಲಿಂಗ ತೊಳೆದ ನೀರು ಅದು. ಅಂಗೈಯ ವಿಭೂತಿ ಎಲ್ಲ ಅದರಲ್ಲಿ ಕರಗಿ ಬೆಳ್ಳಗಿರುತ್ತದೆ. ಯಾರೂ ತುಳಿಯಬಾರದು, ಬಚ್ಚಲಿಗೆ ಚೆಲ್ಲಬಾರದು. ಹಳ್ಳಿಯ ಮನೆಯಲ್ಲಿದ್ದಾಗ ಹಿತ್ತಲಿನ ದೊಡ್ಡ ಮರದ ಬುಡಕ್ಕೆ ಹೋಗುತ್ತಿದ್ದ ನೀರು, ಇಲ್ಲಿ ಬೇರೆ ಜಾಗವಿಲ್ಲದೆ ದಿನವೂ ಈ ಒಂದು ಕುಂಡಕ್ಕೆ ಬೀಳುತ್ತಿತ್ತು. ಎಷ್ಟೋ ಸಲ ನೋಡಿದ್ದೆ. ಆ ದಿನ ಮಾತ್ರ ನೀರು ಕೆಳಗಿಳಿಯದೆ ಮೇಲೆಯೇ ನಿಂತದ್ದು ಕಣ್ಣಿಗೆ ಬಿತ್ತು. ಮಣ್ಣಿನ ಮೇಲೆ ಬಿಳಿಯ ಗಟ್ಟಿ ಪದರ ಕಟ್ಟಿತ್ತು. ದಿನವೂ ಬಿದ್ದ ವಿಭೂತಿಯೇ ಅಲ್ಲಿ ಗಟ್ಟಿಯಾಗಿತ್ತು.

ಹೇಳುವುದು ಹೇಗೆ? ನಿಮ್ಮ ಪೂಜೆಯ ನೀರು ಗಿಡ ಕೊಲ್ಲುತ್ತಿದೆ ಎಂದು ಸೊಸೆ ಹೇಳಿದರೆ ಆ ಮನೆಯಲ್ಲಿ ಮತ್ತೆ ನೆಮ್ಮದಿ ಉಂಟೆ? ಮಾರನೆಯ ಬೆಳಿಗ್ಗೆ ಅತ್ತೆ ಪೂಜೆಗೆ ಕೂತದ್ದೇ ತಡ, ಮಹಡಿಗೆ ಹೋಗಿ ಕುಂಡ ಮಗುಚಿದೆ.

ಮಣ್ಣು ಇಟ್ಟಿಗೆಯ ಹಾಗೆ ಬಂತು. ಬೇರಿಗೆ ನೋವಾಗದಂತೆ ಉದುರಿಸುತ್ತ ಕೂತಿದ್ದೆ. ಬೆನ್ನ ಹಿಂದೆ ಅತ್ತೆ ಬಂದು ನಿಂತದ್ದು ಕಾಲ ಸದ್ದಿನಿಂದಲೇ ತಿಳಿಯಿತು.

"ಮುಟ್ಟಬ್ಯಾಡ ಅಂದಿದ್ನಿ."

"ಮುಟ್ಟೀನ್ರಿ." ಬಿಳಿಯ ಹೆಂಟೆಯೊಂದನ್ನು ಎತ್ತಿ ಹಿಡಿದೆ. "ಇದು ನೋಡ್ರಿ."

ಅವರು ಅದನ್ನು ಬೆರಳಿನಿಂದ ಉಜ್ಜಿ ನೋಡಿದರು. ಜೀವಮಾನವಿಡೀ ವಿಭೂತಿ ಧರಿಸಿದ ಬೆರಳಿಗೆ ಅದರ ಗುರುತು ಹತ್ತದೆ ಇರುತ್ತದೆಯೇ? ಮುಖ ಸಣ್ಣದಾಯಿತು.

"ಅಂದ್ರ ದೇವರ ನೀರೇ ಗಿಡಾ ಕೊಂದದ ಅಂತಿ?"

"ದೇವರ ಮ್ಯಾಲ ಯಾಕ ಹಾಕ್ತೀರಿ? ಕುಂಡ ಸಣ್ಣದದ, ಅಷ್ಟ ರೀ. ನನ್ನ ಕೈ ಮ್ಯಾಲೂ ಹಾಕಬ್ಯಾಡ್ರಿ."

ಕಡೆಯ ಮಾತು ಬೇಕೆಂದೇ ಆಡಿದೆ. ಅತ್ತೆ ಕೈಯಲ್ಲಿದ್ದ ಬಟ್ಟಲು ನೋಡಿದರು, ಖಾಲಿ ಕುಂಡ ನೋಡಿದರು. ಚೆಲ್ಲಲು ಜಾಗವಿರಲಿಲ್ಲ. ಬಟ್ಟಲನ್ನು ಹಣೆಗೆ ಹಚ್ಚಿಕೊಂಡು ಅಷ್ಟೂ ನೀರನ್ನು ಕುಡಿದು ಒಳಗೆ ಹೋದರು.

ಅಂದಿನಿಂದ ಮಾತು ಬಂದ್. ಊಟಕ್ಕೆ ಕರೆದರೆ ಬರುತ್ತಿದ್ದರು, ಎದ್ದು ಹೋಗುತ್ತಿದ್ದರು. ಪೂಜೆಯ ನೀರನ್ನು ಮಂಡಿನೋವಿನಲ್ಲೇ ಮೆಟ್ಟಿಲಿಳಿದು ಬೀದಿಯ ಬೇವಿನ ಮರಕ್ಕೆ ಹಾಕಿ ಬರುತ್ತಿದ್ದರು. ನಾನು ಕೊಡಿ ಎನ್ನಲಿಲ್ಲ, ಅವರು ತಗೋ ಎನ್ನಲಿಲ್ಲ. ಅತ್ತೆ ಕುಂಡದ ಕಡೆಗಂತೂ ತಲೆ ಹಾಕಲಿಲ್ಲ. ಲಿಂಗಕ್ಕೆ ಬರೀ ಪತ್ರೆ ಏರಿಸುತ್ತಿದ್ದರು. ನಾನು ಹೊಸ ಮಣ್ಣು ತುಂಬಿ, ಒಣಗಿದ ಕೊಂಬೆ ಕತ್ತರಿಸಿ, ಉಗುರಿನಿಂದ ತೊಗಟೆ ಕೆರೆದು ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದೆ. ಒಂದು ಬದಿಗೆ ಇತ್ತು, ಇನ್ನೊಂದು ಬದಿ ಸತ್ತಿತ್ತು. ಅವ್ವನ ಫೋನು ಬಂದರೆ ಎತ್ತಲು ಭಯವಾಗುತ್ತಿತ್ತು.

ಯುಗಾದಿ ಕಳೆದ ಮೇಲೆ ಆ ಹಸಿರು ಬದಿಯಿಂದ ಚಿಗುರು ಬಂತು. ಬಸವ ಜಯಂತಿಯ ಹೊತ್ತಿಗೆ ಮೊಗ್ಗು. ಆ ಸಲ ಅವ್ವ ಕೇಳಿದಾಗ "ಚೊಲೋ ಅದ" ಎಂದು ಖರೇ ಹೇಳಿದೆ.

ಮೊದಲ ಹೂವು ಅರಳಿದ ಬೆಳಿಗ್ಗೆಯೇ ನಾನು ಹೊರಗಾದೆ. ಸುಮ್ಮನಿದ್ದುಬಿಡಬಹುದಿತ್ತು. ಗಿಡದ ಮುಂದೆ ನಿಂತು ಯೋಚಿಸಿದೆ. ಎಷ್ಟು ದಿನ ಈ ಮೂಕ ಯುದ್ಧ? ಎರಡು ಹೂ ಹರಿದು ತಂದು ಪೂಜೆಗೆ ಕುಳಿತಿದ್ದ ಅತ್ತೆಯ ತಟ್ಟೆಯಲ್ಲಿಟ್ಟೆ.

"ಅತ್ತಿ, ಮುಂಜಾನೆ ಹೊರಗಾಗೀನ್ರಿ. ಇವು ನಾನೇ ಹರದ ತಂದೀನಿ. ಬ್ಯಾಡಾದ್ರ ಹೇಳ್ರಿ, ತಲಿಗಿ ಮುಡಕೋತೀನಿ."

ಅವರ ಅಂಗೈಯಲ್ಲಿ ಲಿಂಗವಿತ್ತು. ಬೆರಳ ಸಂದಿಯಿಂದ ನೀರು ಬಟ್ಟಲಿಗೆ ತೊಟ್ಟಿಕ್ಕುತ್ತಿತ್ತು. ತಲೆ ಎತ್ತಲಿಲ್ಲ. ನಾನು ಗೋಡೆಯ ಪಕ್ಕ ನಿಂತೆ. ಕಡೆಗೆ ಅತ್ತೆ ಒಂದು ಹೂವೆತ್ತಿ ಲಿಂಗದ ಮೇಲಿಟ್ಟರು. ಇನ್ನೊಂದನ್ನೂ ಇಟ್ಟರು.

ಪೂಜೆ ಮುಗಿಯುವವರೆಗೂ ನಾನು ಅಲ್ಲಿಯೇ ಇದ್ದೆ. ಅವರು ಎದ್ದು ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

"ನನ್ನ ಮಂಡಿ ನೋಯಾಕತ್ತದ. ಬೇವಿನ ಗಿಡಕ್ಕ ಹಾಕಿ ಬಾ," ಅಂದರು. "ನಾಳಿಗೂ ಹೂವು ನೀನೇ ಹರಿ."