ಅರ್ಧ ಕಲಿತ ಕೊಂಕಣಿ

ಯಾವ ವಿದ್ಯೆಯನ್ನಾದರೂ ಶುರು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಹಳಿಯಾಳದಲ್ಲಿ ಇರಲಿಲ್ಲ. ಮ್ಯಾಟ್ರಿಕ್ ಆದ ಮೇಲೆ ತಬಲಾ ಹಿಡಿದೆ, ಉರ್ದು ಹಿಡಿದೆ, ಗಡಿಯಾರ ಬಿಚ್ಚುವುದನ್ನು ಹಿಡಿದೆ. ಬಿಚ್ಚಿದ್ದನ್ನು ಜೋಡಿಸುವ ಹೊತ್ತಿಗೆ ಆಸಕ್ತಿ ಬೇರೆ ಕಡೆ ಹೋಗಿರುತ್ತಿತ್ತು. ಬೇಗ ಗ್ರಹಿಸುವುದು ನನ್ನ ಬಲ. ಅಷ್ಟಕ್ಕೇ ತೃಪ್ತನಾಗುವುದು ನನ್ನ ಕಾಯಿಲೆ. ಎದುರಿನವರು ಮಾತು ಮುಗಿಸುವ ಮೊದಲೇ "ಗೊತ್ತೈತಿ" ಅನ್ನುತ್ತಿದ್ದೆ. ಅರ್ಧ ಸಲ ನಿಜಕ್ಕೂ ಗೊತ್ತಿರುತ್ತಿತ್ತು, ಕೇಡಾದದ್ದು ಅದರಿಂದಲೇ.

ಎರಡನೇ ಮಹಾಯುದ್ಧದ ಕಾಲದಲ್ಲಿ, ದಾಂಡೇಲಿ ಹತ್ತಿರದ ಕುಳಗಿಯ ಕಾಡಿನ ಬಿಡಾರದಲ್ಲಿ ಸಾಗುವಾನಿ ದಿಮ್ಮಿ ಸಾಗಿಸುವ ಆಳುಗಳ ಮೇಲ್ವಿಚಾರಣೆ ನನ್ನದು. ಅಲ್ಲಿ ನಾನು ಕಲಿತ ಕೊಂಕಣಿಯ ವಿಸ್ತಾರ ಇಷ್ಟು: ಎತ್ತು, ಎಳೆ, ನಡೆ, ಬೇಗ. ಆಜ್ಞೆ ಮಾಡುವಷ್ಟೇ ಭಾಷೆ ಕಲಿತು ದೇಶ ಆಳುತ್ತಿದ್ದ ಸಾಹೇಬರು ಆಗ ಸುತ್ತಲೂ ಇದ್ದರು. ಅವರನ್ನು ನೋಡಿ ನಾನು ನಗುತ್ತಿದ್ದೆ.

ನನ್ನ ಹೆಂಡತಿ ಶಾಂತಾ ಜೊಯಿಡಾ ಕಡೆಯವಳು, ಕೊಂಕಣಿಯಲ್ಲೇ ಬೆಳೆದವಳು. ನಮ್ಮ ಮನೆತನದಲ್ಲಿ ಆ ಭಾಷೆ ಅಜ್ಜನ ಕಾಲಕ್ಕೇ ಬಿಟ್ಟುಹೋಗಿತ್ತು. ಮದುವೆಯಾಗಿ ಬಂದವಳು ನನ್ನ ತಾಯಿಯ ಬೈಗುಳ ಕೇಳುತ್ತಲೇ ಕನ್ನಡ ಕಲಿತಳು. ಎಷ್ಟು ಚೆನ್ನಾಗಿ ಎಂದರೆ, ಅವಳು ಅದನ್ನು ಕಲಿತದ್ದೆಂಬುದೇ ನನಗೆ ಮರೆತುಹೋಯಿತು. ನಮ್ಮ ಮಾತೂ ಒಂದೀಟು ಕಲಿಯಿರಿ ಎಂದು ಒಮ್ಮೆ ಕೇಳಿದಳು. ನಾನು ನನ್ನ ನಾಲ್ಕೂ ಪದಗಳನ್ನು ಒಪ್ಪಿಸಿದೆ.

"ನಾನೇನ ಸಾಗವಾನಿ ದಿಮ್ಮಿ ಏನ್ರಿ?" ಅಂದಳು.

ಮರುವರ್ಷ, ನನ್ನ ಜೊತೆ ಬಿಡಾರದಲ್ಲಿದ್ದಾಗ, ಅವಳಿಗೆ ಚಳಿಜ್ವರ ಹತ್ತಿತು. ಜ್ವರ ನೆತ್ತಿಗೇರಿದ ಬೆಳಿಗ್ಗೆ ಕನ್ನಡ ಪೂರ್ತಿ ಬಿಟ್ಟುಹೋಗಿ ಬರೀ ಕೊಂಕಣಿಯಲ್ಲಿ ಮಾತಾಡತೊಡಗಿದಳು. ನೀರು ಕೊಟ್ಟೆ, ತಳ್ಳಿದಳು. ಕಂಬಳಿ ಹೊದಿಸಿದೆ, ಸರಿಸಿದಳು. ಔಷಧ ಬೇಡುತ್ತಿದ್ದಾಳೆಂದು ತೀರ್ಮಾನಿಸಿ, ಪಕ್ಕದ ಗುಡಿಸಲಿನ ಸಿದ್ದಿ ಹೆಂಗಸು ಬಾಯಮ್ಮನನ್ನು ಅವಳ ಬಳಿ ಕೂರಿಸಿ, ದಾಂಡೇಲಿಗೆ ಹೊರಟೆ. ಬಾಯಮ್ಮನ ಮನೆಮಾತೂ ಕೊಂಕಣಿಯೇ.

"ತಡೀರಿ ಸಾಹೇಬ್ರ, ಆಕಿ ಏನೋ ಹೇಳಾಕತ್ತಾಳ."

"ಗೊತ್ತೈತಿ," ಅಂದೆ.

ಮಾತ್ರೆ ಹಿಡಿದು ಮರಳಿದಾಗ ಆಳುಗಳು ಕೆಲಸ ಬಿಟ್ಟು ಬಿಡಾರದ ಮುಂದೆ ನಿಂತಿದ್ದರು. ಶಾಂತಾ ಹೋಗಿಬಿಟ್ಟಿದ್ದಳು. ಅವಳು ಏನು ಹೇಳುತ್ತಿದ್ದಳೆಂದು ಬಾಯಮ್ಮನನ್ನು ಕೇಳಿದೆ.

"ಹೋಗಬ್ಯಾಡ್ರಿ, ನನ್ನ ಕಡೆ ಕುಂದರ್ರಿ ಅಂತಿದ್ಳರಿ. ಅಷ್ಟ."

ಔಷಧಕ್ಕೆ ಹೋದದ್ದು ತಪ್ಪಲ್ಲ ಎಂದು ನೆಂಟರು ಸಮಾಧಾನ ಹೇಳಿದರು. ನಿಜವೇ. ಆದರೆ ಒಂದು ಗಳಿಗೆ ನಿಂತು ಕೇಳಿದ್ದರೆ, ಯಾವನಾದರೂ ಆಳನ್ನು ದಾಂಡೇಲಿಗೆ ಓಡಿಸಿ ನಾನು ಅವಳ ಕೈ ಹಿಡಿದು ಕೂರಬಹುದಿತ್ತು. ಓಡಿಸುವಷ್ಟು ಭಾಷೆ ನನಗೆ ಬರುತ್ತಿತ್ತಲ್ಲ.

ಆಮೇಲೆ ಜೊಯಿಡಾದ ಅತ್ತೆಯ ಮನೆಗೆ ಹೋಗಿಬರತೊಡಗಿದೆ. ಅವರಿಗೆ ಕನ್ನಡ ಬಾರದು; ಮಗಳ ವಿಷಯ ತಿಳಿಯಬೇಕಾದರೆ ನಾನೇ ಕಲಿಯಬೇಕು. ಮೀಸೆ ನರೆತ ಮೇಲೆ ಮಗುವಿನಂತೆ ತೊದಲುವ ನಾಚಿಕೆ ಸಣ್ಣದಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಧೈರ್ಯ ಮಾಡಿ, ಪೂರಾ ಒಂದು ವಾಕ್ಯ ಕಟ್ಟಿ, ಶಾಂತಾ ಚಿಕ್ಕವಳಿದ್ದಾಗ ಹೇಗಿದ್ದಳೆಂದು ಕೇಳಿದೆ. ಏನು ಎಡವಟ್ಟಾಯಿತೋ, ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮಗಳು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಹೇಳುತ್ತ ಕೂತರು. ತಾಟಿನಲ್ಲಿ ಅನ್ನ ಆರಿತು. ಹೆಚ್ಚಿನದು ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೆ. ಅವರು ಮೊದಲಿನಿಂದ ಮತ್ತೆ ಹೇಳಿದರು.